ಅಣ್ಣನ ಕಣ್ಣಿಗೆ ಹೊಂದುವ ಬಣ್ಣ

ಹಲ್ಲು ಬೆಳ್ಳಗಿರುತ್ತದೆ ಅನ್ನುವವರು ಹಲ್ಲನ್ನು ಸರಿಯಾಗಿ ನೋಡಿಯೇ ಇಲ್ಲ ಎಂಬುದು ಅವಳು ಆಗಾಗ ಆಡುವ ಮಾತು. ಇಪ್ಪತ್ತಾರು ವರ್ಷದಿಂದ ಕಟ್ಟುಹಲ್ಲು ತಯಾರಿಸುವ ಲ್ಯಾಬಿನ ಕಿಟಕಿ ಪಕ್ಕ ಕೂತವಳು ಹಾಗಂದರೆ ನಂಬಲೇಬೇಕು. ಬುಡದಲ್ಲಿ ಹಳದಿ, ನಡುವೆ ಕೆನೆ, ತುದಿಯಲ್ಲಿ ಗಾಜಿನಂಥ ಬೂದು. ಸಿಗರೇಟು ಸೇದುವವನದು ಒಂದು ಬಗೆ, ಅರವತ್ತು ದಾಟಿದವಳದು ಇನ್ನೊಂದು. ಬಾಯಲ್ಲಿ ಉಳಿದ ಹಲ್ಲಿಗೂ ಹೊಸದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ನಕ್ಕಾಗ ಅದೊಂದೇ ಹಲ್ಲು ಎದ್ದು ಕಾಣುತ್ತದೆ. ಹಾಗೆ ಕಾಣದಂತೆ ಮಾಡುವುದೇ ಅವಳ ಕೆಲಸ. ಬಣ್ಣದ ಪುಡಿಗಳನ್ನು ಚಿಟಿಕೆ ಲೆಕ್ಕದಲ್ಲಿ ಬೆರೆಸಿ ಅವಳು ಮಾಡಿಕೊಟ್ಟ ಹಲ್ಲು ಬಣ್ಣ ಹೊಂದಲಿಲ್ಲವೆಂದು ಲ್ಯಾಬಿಗೆ ವಾಪಸು ಬಂದದ್ದು ಕಡಿಮೆ. ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಅನ್ನುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಸಹಿ ಹಾಕುವಾಗ ಮಾತ್ರ ತನ್ನ ನಿಜವಾದ ಹೆಸರು ನೆನಪಾಗುವಷ್ಟು ಅದು ಅಂಟಿಕೊಂಡಿತು.

ಕೆಲಸದಲ್ಲಿ ಅವಳದೊಂದು ನಿಯಮವಿತ್ತು. ಯಾವ ಬಣ್ಣವನ್ನೂ ಐದು ಎಣಿಸುವುದಕ್ಕಿಂತ ಹೆಚ್ಚು ಹೊತ್ತು ನೋಡಬಾರದು. ನೋಡಿ, ಮುಖ ತಿರುಗಿಸಿ, ಮೇಜಿನ ಮೇಲಿನ ಬೂದು ಹಲಗೆಯ ಮೇಲೆ ಕಣ್ಣಿಟ್ಟು ಸುಧಾರಿಸಿಕೊಂಡು ಮತ್ತೆ ನೋಡಬೇಕು. "ಕಣ್ಣು ಬಲು ಸೋಮಾರಿ" ಎಂದು ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದಳು. "ಜಾಸ್ತಿ ಹೊತ್ತು ಬಿಟ್ರೆ ಎದುರಿಗಿರೋದನ್ನ ಬಿಟ್ಟು ತನಗೆ ಬೇಕಾದ್ದನ್ನೇ ತೋರ್ಸತ್ತೆ."

ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಲ್ಲೇ ತಿರುಗಿ ಹೋಗಿತ್ತು. ಅದರ ಬಗ್ಗೆ ಅವಳಿಗೆ ವಿಶೇಷ ಕೊರಗಿರಲಿಲ್ಲ. ಲ್ಯಾಬಿನಿಂದ ಎರಡು ಬೀದಿ ಆಚೆ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಅಣ್ಣನ ಮನೆ. ಇವಳಿಗಿಂತ ಎರಡೇ ವರ್ಷ ದೊಡ್ಡವನಾದ ಅಣ್ಣ ಬೀಗ ರಿಪೇರಿ ಮಾಡುತ್ತಿದ್ದ. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಗೂಡಿನಲ್ಲಿ ಅವನ ಅಂಗಡಿ.

ಒಂದು ಮಧ್ಯಾಹ್ನ ಊಟದ ಬಿಡುವಿಗೆ ಅಣ್ಣ ಲ್ಯಾಬಿಗೇ ಬಂದ. ಹಾಗೆಲ್ಲ ಬರುವವನಲ್ಲ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಪಿಂಗ್‌ಪಾಂಗ್ ಚೆಂಡಿಗಿಂತ ದೊಡ್ಡದಲ್ಲದ, ಥಳಥಳ ಹೊಳೆಯುವ ಕೆಂಪು ಪ್ಲಾಸ್ಟಿಕ್ ಗುಂಡು. ಅಡಿಯಲ್ಲಿ ತಿರುಪಿನ ತೂತು.

"ಏನಿದು, ಇದಕ್ಕೂ ಹಲ್ಲು ಕಟ್ಟಬೇಕಾ?" ಎಂದಳು.

"ತಮಾಷೆ ಬೇಡ. ಜಾಯ್‌ಸ್ಟಿಕ್ಕಿನ ಹಿಡಿ ಇದು. ಪೆಟ್ಟಿಗೆ ಮಾಡ್ತಿದೀನಲ್ಲ, ಅದಕ್ಕೆ."

ಪೆಟ್ಟಿಗೆಯ ಸಮಾಚಾರ ಅವಳಿಗೆ ಗೊತ್ತಿತ್ತು. ಗುಜರಿಯಲ್ಲಿ ಸಿಕ್ಕ ಹಳೆಯ ಪರದೆ, ಮುಚ್ಚಿದ ಅಂಗಡಿಯೊಂದರ ಕೌಂಟರಿನ ಪ್ಲೈವುಡ್ಡು, ಒಂದಿಷ್ಟು ತಂತಿ ಸೇರಿಸಿ, ಹಿಂದೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಿಂತು ಆಡುತ್ತಿದ್ದರಲ್ಲ, ಅಂಥ ಆಳೆತ್ತರದ ಆಟದ ಪೆಟ್ಟಿಗೆಯನ್ನು ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ ಕಟ್ಟುತ್ತಿದ್ದ. ಐವತ್ತೆರಡನೆಯ ವಯಸ್ಸಿಗೆ ಇದೆಂಥ ಹುಚ್ಚು ಎಂದು ಅತ್ತಿಗೆ ಮೂರು ತಿಂಗಳಿಂದ ಗೊಣಗುತ್ತಿದ್ದಳು.

"ಪೆಟ್ಟಿಗೆಗೆ ಬಣ್ಣ ಹಚ್ಚಿದೀನಿ. ಕಡುಗೆಂಪು. ಅಂಗಡೀಲಿ ಆರೇ ಬಣ್ಣದ ಗುಂಡು ಸಿಗೋದು. ಈ ಕೆಂಪು ಹೊಂದಲ್ಲ, ಹೊಳಪು ಜಾಸ್ತಿ ಅಂತ ನಂಗೇ ಕಾಣತ್ತೆ. ನೀನು ಅದೇ ಬಣ್ಣದ್ದು ಎರಡು ಮಾಡ್ಕೊಡ್ತೀಯಾ? ಒಂದೊಂದು ಕಡೆಗೆ ಒಂದೊಂದು." ಅವನು ದನಿ ತಗ್ಗಿಸಿದ. "ನೀನು ನೋಡಿದ್ರೆ ಸರಿಹೋಗತ್ತೆ."

ಆ ಕೊನೆಯ ಮಾತು ಅವರಿಬ್ಬರ ನಡುವಿನದು. ಅಣ್ಣನಿಗೆ ಕೆಂಪು ಹಸಿರುಗಳ ಭೇದ ತಿಳಿಯುತ್ತಿರಲಿಲ್ಲ. ಹುಟ್ಟಿನಿಂದಲೇ ಹಾಗೆ. ಅದು ಮೊದಲು ಗೊತ್ತಾದದ್ದು ಅವನಿಗೆ ಹನ್ನೆರಡು, ಅವಳಿಗೆ ಹತ್ತು ವರ್ಷವಾಗಿದ್ದಾಗ, ಬಸ್ ನಿಲ್ದಾಣದ ಹತ್ತಿರದ ನೆಲಮಾಳಿಗೆಯ ಗೇಮ್ ಅಂಗಡಿಯಲ್ಲಿ. ವಿಮಾನ ಹಾರಿಸುವ ಆಟದಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ಆದರೆ ಬಣ್ಣದ ಕಲ್ಲುಗಳು ಮೇಲಿನಿಂದ ಬೀಳುವ ಇನ್ನೊಂದು ಆಟದಲ್ಲಿ ಎಳೆಯ ಮಕ್ಕಳೂ ಅವನನ್ನು ಮಣ್ಣು ಮುಕ್ಕಿಸುತ್ತಿದ್ದರು. "ಕೆಂಪು ಕಲ್ಲನ್ನ ಹಸಿರಿನ ಮೇಲೆ ಯಾಕೋ ಹಾಕ್ತೀಯಾ?" ಎಂದು ಅವಳು ಕೇಳಿದಾಗ, "ಯಾವುದು ಹಸಿರು?" ಎಂದು ಅವನು ತಿರುಗಿ ನೋಡಿದ. ಅವತ್ತಿನಿಂದ ಅವಳು ಪಕ್ಕದಲ್ಲಿ ನಿಂತು ಪಿಸುಮಾತಿನಲ್ಲಿ ಬಣ್ಣ ಹೇಳತೊಡಗಿದಳು. ಯಾರಿಗೂ ಹೇಳಬೇಡ ಅಂದ, ಹೇಳಲಿಲ್ಲ. ಅಪ್ಪ ಅಮ್ಮನಿಗೂ ತುಟಿ ಪಿಟಕ್ಕೆನ್ನಲಿಲ್ಲ. ಅಂಗಿ ಆರಿಸುವುದು, ಹಣ್ಣು ಆರಿಸುವುದು, ಶಾಲೆಯಲ್ಲಿ ನಕಾಶೆಗೆ ಬಣ್ಣ ತುಂಬುವುದು, ಎಲ್ಲಕ್ಕೂ ಅವಳೇ ಕಣ್ಣು.

ಅಣ್ಣನಿಗೆ ರೈಲು ಓಡಿಸುವ ಆಸೆಯಿತ್ತು. ಹತ್ತೊಂಬತ್ತಕ್ಕೆ ಅರ್ಜಿ ಹಾಕಿದ. ಕಣ್ಣಿನ ಪರೀಕ್ಷೆಗೆ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಒಂದು ಪುಸ್ತಕ ತೋರಿಸುತ್ತಾರೆಂದು ತಿಳಿದಾಗ, ಹಲ್ಲಕ್ಕ ತಲೆನೋವಿನ ನೆಪ ಮಾಡಿ ಕನ್ನಡಕದ ಅಂಗಡಿಗೆ ಮೂರು ಸಲ ಹೋಗಿ, ಆ ಪುಸ್ತಕದ ಪುಟಗಳನ್ನು ಕ್ರಮವಾಗಿ ನೆನಪಿಟ್ಟುಕೊಂಡು ಬಂದು ಅಣ್ಣನಿಗೆ ಬಾಯಿಪಾಠ ಮಾಡಿಸಿದಳು. ಪರೀಕ್ಷೆಯ ದಿನ ಅಧಿಕಾರಿ ಪುಸ್ತಕವನ್ನು ಹಿಂದಿನಿಂದ ತೆರೆದ. ಅಣ್ಣ ಮೊದಲ ಪುಟದ ಅಂಕಿ ಹೇಳಿದ. ಅಧಿಕಾರಿ ಪುಸ್ತಕ ಮುಚ್ಚಿ "ಮುಂದಿನವರು" ಅಂದ. ಮನೆಗೆ ಬಂದ ಅಣ್ಣ, "ಪುಸ್ತಕ ತಲೆಕೆಳಗಾಯ್ತು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಆಮೇಲೆ ಬೀಗದ ಕೆಲಸ ಕಲಿತ. ಕೆಲವು ವರ್ಷಗಳ ಮೇಲೆ ತಂಗಿಗೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಕಣ್ಣು ಚುರುಕಾಗಿದೆಯೆಂಬ ಒಂದೇ ಕಾರಣಕ್ಕೆ. ಅಣ್ಣನ ಮುಂದೆ ತನ್ನ ಕೆಲಸದ ಬಗ್ಗೆ ಮಾತಾಡುವಾಗ ಇಷ್ಟು ವರ್ಷವಾದರೂ ಅವಳ ನಾಲಿಗೆ ಸ್ವಲ್ಪ ತಡವರಿಸುತ್ತಿತ್ತು.

ಆ ಭಾನುವಾರ ಪೆಟ್ಟಿಗೆ ನೋಡಲು ಹೋದಳು. ಕೋಣೆಯ ಮೂಲೆಯಲ್ಲಿ ಅದು ನಿಂತಿತ್ತು. ಕೆಲಸ ಅಚ್ಚುಕಟ್ಟು, ಒಂದು ಮೊಳೆಯ ತಲೆಯೂ ಹೊರಗಿಲ್ಲ. ಎಡಗಡೆ ನೋಡಿದಳು, ಮಾಗಿದ ಚೆರ್ರಿಯಂಥ ಕಡುಗೆಂಪು. ಬಲಗಡೆಗೆ ಬಂದವಳು ಹಾಗೇ ನಿಂತಳು. ಆ ಕಡೆ ಇಡೀ ಪಾಚಿಗಟ್ಟಿದ ಗೋಡೆಯ ಹಾಗೆ ಕಡುಹಸಿರು.

ಬಣ್ಣದ ಡಬ್ಬಗಳು ಹಿತ್ತಲಲ್ಲೇ ಇದ್ದವು. ಮೊದಲನೆಯ ಡಬ್ಬದ ಮೇಲಿನ ಬಣ್ಣದ ಸಂಖ್ಯೆ ಮುನ್ನೂರ ಹದಿನೆಂಟು, ಎರಡನೆಯದರ ಮೇಲೆ ಮುನ್ನೂರ ಎಂಬತ್ತೊಂದು. ಅಂಗಡಿಯವನು ಅಂಕಿ ಹಿಂದುಮುಂದು ಮಾಡಿ ಕೊಟ್ಟಿದ್ದ. ಅಣ್ಣ ಮುಚ್ಚಳ ತೆಗೆದು, ಅದೇ ಬಣ್ಣವೆಂದು ನಂಬಿ, ಎರಡು ಪದರ ಹಚ್ಚಿ, ನುಣ್ಣಗೆ ಉಜ್ಜಿ, ಮೇಲೆ ವಾರ್ನಿಶ್ ಬೇರೆ ಬಳಿದಿದ್ದ.

"ಹೇಗಿದೆ ನಿಮ್ಮಣ್ಣನ ಫ್ಯಾಷನ್ನು?" ಅತ್ತಿಗೆ ಒಳಗಿನಿಂದ ಬಂದು ಕೇಳಿದಳು. "ಒಂದು ಕೆನ್ನೆಗೆ ಒಂದು ಬಣ್ಣ. ನಾನು ಏನೂ ಅನ್ನಲಿಲ್ಲಪ್ಪ. ಈಗಿನ ಕಾಲದ್ದು ಹೀಗೇ ಇರಬೇಕು ಅಂದ್ಕೊಂಡೆ." ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅತ್ತಿಗೆಗೆ ಗಂಡನ ಕಣ್ಣಿನ ಗುಟ್ಟು ಗೊತ್ತಿರಲಿಲ್ಲ. ನೀಲಿ, ಬೂದು ಬಿಟ್ಟು ಬೇರೆ ಬಟ್ಟೆ ತೊಡದವನು, ಏನು ಕೇಳಿದರೂ "ನಿಂಗೆ ಯಾವುದು ಇಷ್ಟ?" ಎಂದು ಉತ್ತರಿಸುವವನು ಎಂದಷ್ಟೇ ಅವಳ ಲೆಕ್ಕ.

ಅಣ್ಣ ಸ್ನಾನಕ್ಕೆ ಹೋಗಿದ್ದ. ಹೇಳಲು ಒಳ್ಳೆಯ ಸಮಯ ಇದಲ್ಲ ಎಂದು ಹಲ್ಲಕ್ಕ ತನಗೆ ತಾನೇ ಹೇಳಿಕೊಂಡಳು. ಅವನು ತಲೆ ಒರೆಸುತ್ತ ಬಂದು "ಹೇಗಿದೆ?" ಎಂದಾಗ ಅವನ ಮುಖದಲ್ಲಿ ಯಾವತ್ತೂ ಕಾಣದ ಖುಷಿಯಿತ್ತು.

"ಚೆನ್ನಾಗಿದೆ. ಬಣ್ಣ ನೋಡ್ಕೊಂಡೆ. ಮಾಡ್ತೀನಿ" ಎಂದಳು.

ದಾರಿಯುದ್ದಕ್ಕೂ ಯೋಚಿಸಿ ಅವಳೊಂದು ಉಪಾಯ ಕಂಡುಕೊಂಡಳು. ಎಡಗಡೆಯ ಜಾಯ್‌ಸ್ಟಿಕ್ಕಿಗೆ ಕಡುಗೆಂಪು ಗುಂಡು, ಬಲಗಡೆಯದಕ್ಕೆ ಕಡುಹಸಿರು. ಆಗ ನೋಡಿದವರಿಗೆಲ್ಲ ಇದು ಬೇಕಂತಲೇ ಮಾಡಿದ ಜೋಡಿಯೆನಿಸುತ್ತದೆ, ತಪ್ಪು ತಪ್ಪಾಗಿ ಉಳಿಯುವುದಿಲ್ಲ, ಅಣ್ಣನಿಗೆ ತಿಳಿಯುವುದೂ ಇಲ್ಲ.

ಲ್ಯಾಬಿನ ಯಜಮಾನನಿಗೆ ಹೇಳಿ ಕೆಲಸ ಮುಗಿದ ಮೇಲೆ ಒಂದು ಗಂಟೆ ಕೂತಳು. ಅಂಗಡಿಯ ಕೆಂಪು ಗುಂಡನ್ನೇ ಗಚ್ಚಿನಲ್ಲಿ ಒತ್ತಿ ಎರಕದ ಅಚ್ಚು ತೆಗೆದಳು. ಕಟ್ಟುಹಲ್ಲಿನ ಒಸಡಿಗೆ ಬಳಸುವ ಪುಡಿಗೆ ಬಣ್ಣ ಬೆರೆಸಿ, ಮೂಗಿಗೆ ಅಡರುವ ದ್ರವದಲ್ಲಿ ಕಲಸಿ, ನಡುವೆ ಹಿತ್ತಾಳೆಯ ತಿರುಪು ಕೂರಿಸಿ, ಬಿಸಿನೀರಿನಲ್ಲಿ ಬೇಯಿಸಿದಳು. ಮೊದಲನೆಯದರೊಳಗೆ ಗುಳ್ಳೆ ಬಂತು. ಎರಡನೆಯದು ಒಣಗಿದ ಮೇಲೆ ಒಂದು ಚೂರು ಕಪ್ಪಾಯಿತು. ಆರನೆಯ ಸಲಕ್ಕೆ ಎರಡೂ ಬಣ್ಣ ಕೂತವು. ಉಜ್ಜುವ ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟಾಗ ಕಡುಗೆಂಪು ಗುಂಡು ಪೆಟ್ಟಿಗೆಯ ಎಡಮೈಯಿಂದಲೇ ಉದುರಿದ ಹನಿಯಂತಿತ್ತು. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಗುಂಡು ಕೂರಿಸಿದ ಮೇಲೆ ಅಣ್ಣ ಎರಡನ್ನೂ ತಿರುತಿರುಗಿಸಿ ನೋಡಿ, "ಎರಡೂ ಒಂದೇ ಥರ ಬಂದಿದೆ" ಅಂದ. ಅವಳು ಹೂಂ ಅಂದಳು.

ಬಣ್ಣ ಬಯಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮುಂದಿನ ಭಾನುವಾರ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್ ಆಟಕ್ಕೆ ಬಂದ. ಹಲ್ಲಕ್ಕನೂ ಇದ್ದಳು, ಅತ್ತಿಗೆ ಕಿಟಕಿಯ ಬಳಿ ಗುಂಡಿ ಹೊಲಿಯುತ್ತಿದ್ದಳು. ಡ್ರೈವರ್ ಕೈ ಉಜ್ಜಿಕೊಂಡು, "ಸರಿ, ನಾನು ಕೆಂಪು ಕಡೆ. ನೀನು ಹಸಿರು ಕಡೆ ನಿಂತ್ಕೋ" ಎಂದ.

ಅಣ್ಣ ನಕ್ಕ. "ಯಾವ ಹಸಿರು?"

"ಯಾವ ಹಸಿರಾ? ನಿನ್ನ ಕೈಯಲ್ಲಿ ಹಿಡಿದಿರೋದು ಏನು ಮತ್ತೆ?"

ಅಣ್ಣ ಕೈ ತೆಗೆದು ಗುಂಡನ್ನು ನೋಡಿದ. ಪೆಟ್ಟಿಗೆಯ ಪಕ್ಕೆಯನ್ನು ನೋಡಿದ. ಆಮೇಲೆ ತಂಗಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಯಿತು.

"ನಂಗೆ ಬಣ್ಣ ಕಾಣಲ್ಲ" ಎಂದ, ಯಾರಿಗೆಂದಿಲ್ಲದೆ. "ಕೆಂಪು ಹಸಿರು ಎರಡೂ ಒಂದೇ. ಚಿಕ್ಕಂದಿನಿಂದಲೂ."

ಅತ್ತಿಗೆಯ ಕೈಯ ಸೂಜಿ ನಿಂತಿತು. "ಹಾಗಾದ್ರೆ," ಎಂದಳು ನಿಧಾನವಾಗಿ, "ಮದುವೆಗೆ ಮುಂಚೆ ನನ್ನ ನೋಡೋಕೆ ಬಂದಾಗ, 'ಕೆಂಪು ನಿಮಗೆ ಬಹಳ ಒಪ್ಪತ್ತೆ' ಅಂದಿದ್ರಲ್ಲ?"

"ಅದು... ನನ್ನ ತಂಗಿ ಹೇಳ್ಕೊಟ್ಟಿದ್ದು."

ಅತ್ತಿಗೆ ಹೊಲಿಗೆ ಮಡಚಿ ಒಳಗೆ ಹೋದಳು. ಡ್ರೈವರ್‌ಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಮೂರು ದಿನ ಅಣ್ಣನಿಂದ ಸುದ್ದಿಯಿಲ್ಲ. ನಾಲ್ಕನೆಯ ದಿನ ಹಲ್ಲಕ್ಕನೇ ಅವನ ಅಂಗಡಿಗೆ ಹೋದಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವನು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಕೋಪಾನಾ?"

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಬಣ್ಣ ನೋಡೋಕೆ ಬಂದೆನಲ್ಲ, ಅವತ್ತಿಂದ. ನಿಂಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ."

ಅರದ ಸದ್ದು ನಿಂತಿತು. "ಚಿಕ್ಕವರಿದ್ದಾಗ ಹೇಳ್ಬೇಡ ಅಂತ ಬೇಡಿದ್ದು ನಾನೇ, ಒಪ್ತೀನಿ. ಈಗ ಯಾರು ಬೇಡಿದ್ರು? ಊರಿಗೆಲ್ಲ ಕಂಡಿದ್ದು ನಂಗೊಬ್ಬನಿಗೆ ಕಾಣದ ಹಾಗೆ ಚೆಂದ ಮಾಡಿ ಮುಚ್ಚಿಟ್ಟೆ. ಅದೂ ಎಷ್ಟು ಚೆನ್ನಾಗಿ! ಕಟ್ಟುಹಲ್ಲಿನ ಹಾಗೆ."

ಅವಳು ಗೂಡಿನ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು.

"ರೈಲಿನ ಪರೀಕ್ಷೆ ನೆನಪಿದೆಯಾ? ಆ ಮನುಷ್ಯ ನಂಗೆ ಏನಂದ ಗೊತ್ತಾ? 'ನಿಂಗೆ ಏನು ಕಾಣತ್ತೋ ಅದನ್ನ ಹೇಳಪ್ಪಾ' ಅಂದ. ನಾನು ನೀನು ಕಂಡಿದ್ದನ್ನ ಹೇಳಿದೆ." ಅವನು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ. "ನೀನು ನಂಗೋಸ್ಕರ ಎಷ್ಟೆಲ್ಲ ಮಾಡಿದೀಯ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಏನು ಕಾಣತ್ತೆ ಅಂತ ಈ ನಲವತ್ತು ವರ್ಷದಲ್ಲಿ ನೀನು ಒಂದು ದಿನಾನೂ ಕೇಳಿಲ್ಲ."

ಅವಳಿಗೆ ಕೋಪ ಬಂತು, ಅಳು ಬಂತು, ಎರಡನ್ನೂ ನುಂಗಿಕೊಂಡು ಎದ್ದು ಬಂದಳು. ಕೇಳಿಲ್ಲವೇ? ಇರಲಾರದು ಅನಿಸಿತು. ದಾರಿಯಲ್ಲಿ ನೆನಪುಗಳನ್ನು ಒಂದೊಂದಾಗಿ ಕೆದಕಿದಳು. ಹೇಳಿದ್ದು ಸಾವಿರ ಸಲ. ಇದು ಕೆಂಪು, ಇದು ಹಸಿರು, ಇದು ಹಣ್ಣಾಗಿದೆ, ಇದು ಕಾಯಿ. ಕೇಳಿದ್ದು ಒಂದೇ ಒಂದು ಸಲವೂ ನೆನಪಾಗಲಿಲ್ಲ. ಬೇರೆಯವರ ಬಾಯಿಯ ಬಣ್ಣವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹೊಟ್ಟೆ ಹೊರೆದವಳು, ಒಡಹುಟ್ಟಿದವನ ಕಣ್ಣಿನಲ್ಲಿ ಏನಿದೆಯೆಂದು ಇಣುಕಿರಲಿಲ್ಲ.

ಆ ವಾರ ಅವಳು ಗುಂಡು ಮಾಡಲಿಲ್ಲ. ನಾಣ್ಯದಷ್ಟಗಲದ ಬಿಲ್ಲೆಗಳನ್ನು ಮಾಡಿದಳು. ಕೆಂಪು, ಹಸಿರು, ಕಂದು, ಗುಲಾಬಿ, ನೇರಳೆ, ನೀಲಿ, ಹಳದಿ, ಬೂದು, ಮಣ್ಣುಬಣ್ಣ, ಒಟ್ಟು ಮೂವತ್ತು. ಪ್ರತಿಯೊಂದರ ಹಿಂದೆ ಒಂದು ಅಂಕಿ ಕೆತ್ತಿ, ಡಬ್ಬಿಯಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಅಣ್ಣನ ಮನೆಯ ಮೇಜಿನ ಮೇಲೆ ಸುರಿದಳು.

"ಏನಿದು, ಮತ್ತೆ ಪರೀಕ್ಷೆನಾ?" ಅಣ್ಣನ ಮುಖ ಗಂಟಿಕ್ಕಿತು.

"ಪರೀಕ್ಷೆ ನಂಗೆ. ಒಂದೇ ಥರ ಕಾಣೋದನ್ನೆಲ್ಲ ಒಟ್ಟಿಗೆ ಇಡು. ನಾನು ಬಾಯಿ ಬಿಡಲ್ಲ."

ಅವನು ಕುರ್ಚಿ ಎಳೆದುಕೊಂಡು ಕೈ ಹಾಕಿದ. ಬೀಗದ ಸ್ಪ್ರಿಂಗುಗಳನ್ನು ವಿಂಗಡಿಸುವ ಹಾಗೆ ಚಕಚಕನೆ ಗುಡ್ಡೆ ಮಾಡಿದ. ಕಡುಗೆಂಪು, ಕಂದು, ಪಾಚಿ ಹಸಿರು ಒಂದು ಗುಡ್ಡೆ. ಗುಲಾಬಿಯ ಜೊತೆ ಬೂದು. ನೇರಳೆಗಳೆಲ್ಲ ನೀಲಿಯ ಮಡಿಲಿಗೆ. ಹಲ್ಲಕ್ಕ ಮಾತಿಗೆ ತಪ್ಪದೆ ಹಲ್ಲು ಕಚ್ಚಿ ಕೂತಿದ್ದಳು. ಒಳಗೆ ಮಾತ್ರ ಗುಡ್ಡೆಯಿಂದ ಗುಡ್ಡೆಗೆ ಅವಳ ಪ್ರಪಂಚ ಮಗುಚಿ ಬೀಳುತ್ತಿತ್ತು. ಗುಲಾಬಿ ಅವನಿಗೆ ಬೂದುಬಣ್ಣವಾದರೆ, ಕಟ್ಟುಹಲ್ಲಿನ ಒಸಡು ಅವನಿಗೆ ಹೇಗೆ ಕಾಣಬಹುದು? ಮನುಷ್ಯರ ತುಟಿ?

ಕೊನೆಗೆ ಎರಡು ಮಣ್ಣುಬಣ್ಣದ ಬಿಲ್ಲೆ ಉಳಿದವು. ಅವನು ಅವೆರಡನ್ನೂ ದೂರ ದೂರ ಇಟ್ಟ.

ಅವಳಿಗೆ ತಡೆಯಲಾಗಲಿಲ್ಲ. "ಅವೆರಡೂ ಒಂದೇ ಕಲಸಿನಿಂದ ಮಾಡಿದ್ದು ಕಣೋ."

"ಅಲ್ಲ. ಇದು ಬೇರೆ, ಇದು ಬೇರೆ. ನಿಂಗೆ ಕಾಣಲ್ವಾ?"

ಅವಳು ಬಿಲ್ಲೆಗಳನ್ನು ಕಿಟಕಿಗೆ ಒಯ್ದಳು. ಐದು ಎಣಿಸಿದಳು, ಬೂದು ಗೋಡೆ ನೋಡಿದಳು, ಮತ್ತೆ ನೋಡಿದಳು. ತಿರುಗಿಸಿ ಅಂಕಿ ಓದಿದಾಗ ನೆನಪಾಯಿತು, ಎರಡನೆಯದಕ್ಕೆ ಪುಡಿ ಸಾಲದೆ ಹೊಸ ಪೊಟ್ಟಣ ಒಡೆದಿದ್ದಳು. ಇಪ್ಪತ್ತಾರು ವರ್ಷ ಪಳಗಿದ ಅವಳ ಕಣ್ಣಿಗೆ ಬೀಳದ ಆ ಒಂದೆಳೆ ಅವನಿಗೆ ಮೇಜಿನಾಚೆಯಿಂದಲೇ ಕಂಡಿತ್ತು.

"ಹೌದು" ಎಂದಳು. "ಬೇರೆ ಬೇರೆ. ನಂಗೆ ಕಾಣಲಿಲ್ಲ."

ಅಣ್ಣ ಜೋರಾಗಿ ನಕ್ಕ. ಒಂದು ವಾರದಲ್ಲಿ ಮೊದಲ ಸಲ. ಆಮೇಲೆ ಆ ಮಧ್ಯಾಹ್ನವೆಲ್ಲ ಅವಳು ಕೇಳುತ್ತಲೇ ಹೋದಳು, ಅವನು ಹೇಳುತ್ತಲೇ ಹೋದ. ಸಂಜೆಯ ಆಕಾಶ ಅವನಿಗೆ ಹಳದಿಯಿಂದ ನೇರ ನೀಲಿಗೆ ಹೋಗುತ್ತದಂತೆ, ನಡುವೆ ಏನೂ ಇಲ್ಲವಂತೆ. ಒಣಗಿದ ಎಲೆಗಳಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು ಬಗೆಗಳಿವೆಯಂತೆ, ಜನ ಅದನ್ನು ಯಾಕೆ ಹೊಗಳುವುದಿಲ್ಲವೆಂದು ಅವನಿಗೆ ಚಿಕ್ಕಂದಿನಿಂದ ಆಶ್ಚರ್ಯವಂತೆ.

"ಹಾಗಾದ್ರೆ ಗುಂಡು ಯಾವ ಬಣ್ಣ ಮಾಡಲಿ? ಪೆಟ್ಟಿಗೆಗೆ ಮತ್ತೆ ಬಣ್ಣ ಹಚ್ಚೋದಾದ್ರೆ..."

"ಬೇಡ. ಹಾಗೇ ಇರಲಿ. ಎರಡು ಪದರ ಉಜ್ಜಿದೀನಿ, ನನ್ನ ಕೈ ನೋವು ನಂಗೆ ಗೊತ್ತು." ಅವನು ಮೊದಲನೆಯ ಗುಡ್ಡೆಯಿಂದ ಒಂದು ಬಿಲ್ಲೆ ಎತ್ತಿ ಪೆಟ್ಟಿಗೆಯ ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ, ಬೇಡವೆಂದು ಇಟ್ಟ. ಐದಾರು ನೋಡಿದ ಮೇಲೆ ಒಂದನ್ನು ಹಿಡಿದು, "ಇದು. ಎರಡು ಕಡೆಗೂ ಸರಿಯಾಗಿ ಕೂರತ್ತೆ" ಎಂದ.

ಅದೊಂದು ಮಂಕಾದ ಕಂದು, ಕೆಸರಿನಲ್ಲಿ ಬಿದ್ದ ಹಗ್ಗದ ಬಣ್ಣ. ಅವಳ ಕಣ್ಣಿಗೆ ಅದು ಕಡುಗೆಂಪಿಗೂ ಹೊಂದುತ್ತಿರಲಿಲ್ಲ, ಹಸಿರಿಗೂ ಹೊಂದುತ್ತಿರಲಿಲ್ಲ. ಲ್ಯಾಬಿನಿಂದ ಅಂಥದ್ದು ಹೊರಬಿದ್ದಿದ್ದರೆ ಅವಳು ಮುಖ ತೋರಿಸುತ್ತಿರಲಿಲ್ಲ. ಆದರೂ ಬಿಲ್ಲೆಯ ಅಂಕಿ ಬರೆದುಕೊಂಡು ಹೋದಳು. ಮೂರು ಸಂಜೆ ಕೂತು ಎರಡು ಗುಂಡು ಎರಕ ಹೊಯ್ದಳು, ಹೊಸ ಪೊಟ್ಟಣ ಒಡೆಯದೆ, ಒಂದೇ ಕಲಸಿನಿಂದ. ಅದರಲ್ಲಿ ಮೋಸ ಮಾಡಿದರೆ ಸಿಕ್ಕಿಬೀಳುವುದು ಖಂಡಿತವೆಂದು ಈಗ ಗೊತ್ತಿತ್ತು.

ಗುಂಡುಗಳನ್ನು ತಿರುಗಿಸಿ ಬಿಗಿದ ಅಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಎಲ್ಲ ಒಂದಾಗಿ ಕಂಡಿರಬೇಕು, ಅವನ ಮುಖ ಅರಳಿತು. "ಈಗ ನನ್ನದಾಯ್ತು" ಎಂದ. ನೋಡಲು ಬಂದ ಡ್ರೈವರ್ "ಏನಯ್ಯ ಇದು, ಮೂರು ಮೂರು ಬಣ್ಣ?" ಎಂದದ್ದಕ್ಕೆ, "ನಂಗೆ ಒಂದೇ ಕಾಣತ್ತೆ. ನಿಂಗೆ ಮೂರು ಕಂಡ್ರೆ ಅದು ನಿನ್ನ ಪುಣ್ಯ" ಎಂದು ಸಲೀಸಾಗಿ ಹೇಳಿದ. ಇಷ್ಟು ವರ್ಷ ಬಚ್ಚಿಟ್ಟ ಮಾತು ಬೀದಿಗೆ ಬಿದ್ದಾಗ ಅಷ್ಟೇನೂ ಸದ್ದಾಗಲಿಲ್ಲ.

ಅತ್ತಿಗೆಯ ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಗಂಡನಿಗೆ ಬಣ್ಣ ಕಾಣದಿರುವುದಕ್ಕಲ್ಲ, ತನ್ನನ್ನು ಹೊರಗಿಟ್ಟು ಅಣ್ಣ ತಂಗಿ ಗುಟ್ಟು ಕಾಪಾಡಿಕೊಂಡದ್ದಕ್ಕೆ. ಹಲ್ಲಕ್ಕ ಹೋದಾಗಲೆಲ್ಲ ಲೋಟ ಕುಕ್ಕಿ ಇಡುತ್ತಿದ್ದಳು. ಒಂದು ದಿನ ಬೀರುವಿನಿಂದ ತನ್ನ ಬಟ್ಟೆಗಳನ್ನೆಲ್ಲ ತೆಗೆದು ಗಂಡನ ಮುಂದೆ ಹರಡಿ, "ಈಗ ನೀವೇ ಹೇಳಿ. ನಿಮ್ಮ ಕಣ್ಣಿಗೆ ಯಾವುದು ಚೆನ್ನಾಗಿ ಕಾಣತ್ತೆ?" ಎಂದು ಕೇಳಿದಳಂತೆ. ಅವನು ತುಂಬ ಹೊತ್ತು ನೋಡಿ, ಅವಳು ಮನೆಗೆಲಸಕ್ಕೆಂದು ಬಿಟ್ಟಿದ್ದ ಹಳೆಯ ಹಳದಿ ಸ್ವೆಟರನ್ನು ತೋರಿಸಿದನಂತೆ. ಮೊಣಕೈ ಹರಿದ ಆ ಸ್ವೆಟರಿಗೆ ಅವಳು ತೇಪೆ ಹಾಕಿ ಮತ್ತೆ ತೊಡತೊಡಗಿದಳು.

ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಅತ್ತಿಗೆ ಬಂದು ನಿಂತಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಸುತ್ತಲೂ ಗಚ್ಚಿನ ದವಡೆಗಳು ಬಾಯಿ ತೆರೆದು ಕೂತದ್ದನ್ನು ನೋಡಿ ಒಂದು ಕ್ಷಣ ಹಿಂಜರಿದಳು.

"ಹಲ್ಲು ನೋವಾ ಅತ್ತಿಗೆ?"

"ಹಲ್ಲು ಗಟ್ಟಿಯಾಗಿದೆ. ಆ ವಿಮಾನದ ಆಟ ಇದೆಯಲ್ಲ, ಅದರಲ್ಲಿ ನಿಮ್ಮಣ್ಣನ್ನ ನಿನ್ನೆ ಎರಡು ಸಲ ಸೋಲಿಸ್ದೆ. ಮೂರನೇ ಸಲ ಕೈ ಜಾರ್ತು. ಆ ಗುಂಡು ನನ್ನ ಕೈಗೆ ದೊಡ್ಡದು." ಅವಳು ಅಂಗೈ ಚಾಚಿದಳು. "ನಂಗೊಂದು ಚಿಕ್ಕದು ಮಾಡ್ಕೊಡ್ತೀಯಾ? ಬಣ್ಣ ಯಾವುದಾದ್ರೂ ಸರಿ, ಹಿಡಿತ ಸರಿಯಾಗಿ ಬರಬೇಕು."

ಹಲ್ಲಕ್ಕ ಕುರ್ಚಿ ಎಳೆದು ಅತ್ತಿಗೆಯನ್ನು ಕೂರಿಸಿದಳು. ಮೇಣದ ಒಂದು ಉಂಡೆಯನ್ನು ದೀಪದ ಬಿಸಿಗೆ ಹಿಡಿದು ಮೆತ್ತಗೆ ಮಾಡಿ ಅವಳ ಅಂಗೈಯಲ್ಲಿಟ್ಟು, "ಆಡುವಾಗ ಹೇಗೆ ಹಿಡೀತೀರೋ ಹಾಗೆ ಹಿಡೀರಿ" ಎಂದಳು. "ಬಿಗಿಯಾಗಿ ಬೇಡ. ಎಲ್ಲಿ ನೋಯತ್ತೆ ಅಂತ ನೀವೇ ಹೇಳಿ."